ಲೇಬಲ್ ಮೇಲಿನ ನಾಲ್ಕು ಆಂಪಿಯರ್

ಪುಸ್ತಕಕ್ಕೆ ವಿಮರ್ಶೆ ಬರೀತೀವಿ, ಸಿನಿಮಾಕ್ಕೆ ಬರೀತೀವಿ, ಮೈಲಾರಿ ದೋಸೆ ಮೊದಲಿನ ಹಾಗೇ ಇದೆಯಾ ಅಂತಲೂ ಬರೀತೀವಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್‌ಗಳಲ್ಲಿ, ಬನ್ನಿಮಂಟಪದ ಕಡೆಯ ಮರಗೆಲಸದ ಅಂಗಡಿಗಳಲ್ಲಿ ಜನ ದಿನಾ ಓದುವ, ಓದಿ ನಂಬುವ ಒಂದು ಬರಹಕ್ಕೆ ಮಾತ್ರ ಯಾರೂ ವಿಮರ್ಶೆ ಬರೆದಿದ್ದು ನಾನು ಕಂಡಿಲ್ಲ. ಅದು ಒಂದು ಡಬ್ಬಿಯ ಬೆನ್ನಿಗೆ ಅಂಟಿಸಿರುವ ಲೇಬಲ್. ಒಂದಷ್ಟು ಅಂಕಿ, ಹತ್ತಿಪ್ಪತ್ತು ಇಂಗ್ಲಿಷ್ ಪದ, ಅಷ್ಟೇ. ಇವತ್ತು ಅದನ್ನೇ ಸಾಲು ಹಿಡಿದು ಓದೋಣ.

ಡಬ್ಬಿಯನ್ನು ಎಲ್ಲರೂ ಕರೆಯುವುದು ಟಿಬಿ6600 ಅಂತ. ಅಂಗೈಯಷ್ಟು ಉದ್ದ, ಬೆನ್ನಿಗೆ ಅಲ್ಯೂಮಿನಿಯಂ ಹೀಟ್‌ಸಿಂಕ್, ಬದಿಯಲ್ಲಿ ವೈರ್ ಸಿಕ್ಕಿಸೋ ಹಸಿರು ಕನೆಕ್ಟರ್, ಪಕ್ಕದಲ್ಲಿ ಆರು ಪುಟಾಣಿ ಸ್ವಿಚ್ಚು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತೆ, ಆನ್‌ಲೈನಲ್ಲಿ ತರಿಸಿದರೆ ಮನೆ ಬಾಗಿಲಿಗೇ ಬರುತ್ತೆ. ಬಾಗಿಲಿಗೆ ಹೂಬಳ್ಳಿ ಕೆತ್ತುವ, ದೇವರಮನೆಗೆ ಜಾಲಿ ಕೊರೆಯುವ, ಅಕ್ರಿಲಿಕ್ಕಿನಲ್ಲಿ ನೇಮ್‌ಪ್ಲೇಟ್ ಕತ್ತರಿಸುವ ಅಗ್ಗದ ಸಿಎನ್‌ಸಿ ರೌಟರ್ ಒಳಗೆ ಇಂಥವು ಮೂರೋ ನಾಲ್ಕೋ ಕೂತಿರುತ್ತವೆ. ಕಂಪನಿಯ ಮೆಷೀನ್ ಕೊಳ್ಳಲು ಲಕ್ಷಗಟ್ಟಲೆ ಬೇಕು. ಅಷ್ಟು ಇಲ್ಲದವನು ಕಬ್ಬಿಣದ ಫ್ರೇಮ್ ವೆಲ್ಡ್ ಮಾಡಿಸಿ, ಒಂದು ಆರ್ಡುಯಿನೋ, ಮೂರು ಸ್ಟೆಪ್ಪರ್ ಮೋಟರ್, ಮೂರು ಟಿಬಿ6600 ಹಾಕಿ ಅಂಗಡಿ ಶುರು ಮಾಡುತ್ತಾನೆ. ಅವನ ಹೊಟ್ಟೆಪಾಡು ಈ ಲೇಬಲ್ ಮೇಲಿದೆ ಅಂದರೆ ಉತ್ಪ್ರೇಕ್ಷೆ ಅಲ್ಲ.

ಸ್ಟೆಪ್ಪರ್ ಮೋಟರ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಫ್ಯಾನಿನ ಮೋಟರಿಗೆ ಕರೆಂಟ್ ಕೊಟ್ಟರೆ ಸುತ್ತುತ್ತಾ ಹೋಗುತ್ತೆ. ಇದು ಹಾಗಲ್ಲ, ಹೆಜ್ಜೆ ಇಡುತ್ತೆ. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ. ಒಳಗೆ ಎರಡು ಸುರುಳಿ. ಅವುಗಳಲ್ಲಿ ಕರೆಂಟಿನ ದಿಕ್ಕನ್ನು ಒಂದಾದ ಮೇಲೊಂದು ಬದಲಿಸಿದರೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತೆ. ಎಷ್ಟು ಹೆಜ್ಜೆ ಅಂತ ಎಣಿಸಿ ಹೇಳುವುದು ಆರ್ಡುಯಿನೋ ಕೆಲಸ, ಆದರೆ ಅದರ ಧ್ವನಿ ತೀರಾ ಸಣ್ಣದು, ಕೆಲವು ಮಿಲಿಆಂಪಿಯರ್. ಆ ಪಿಸುಮಾತನ್ನು ಕೇಳಿಸಿಕೊಂಡು ಮೋಟರಿನ ಸುರುಳಿಗೆ ಮೂರು ನಾಲ್ಕು ಆಂಪಿಯರ್ ನೂಕುವುದು ಡ್ರೈವರ್ ಚಿಪ್.

ನೂಕುವುದರಲ್ಲೂ ಒಂದು ಜಾಣ್ಮೆ ಇದೆ. ಸುರುಳಿಯ ರೆಸಿಸ್ಟೆನ್ಸ್ ಒಂದು ಓಮ್ ಆಸುಪಾಸು ಇರುತ್ತೆ. ಸಪ್ಲೈ 36 ವೋಲ್ಟ್. ನೇರವಾಗಿ ಜೋಡಿಸಿದರೆ 36 ಆಂಪಿಯರ್ ಹರಿದು ಮೋಟರ್ ಸುಟ್ಟು ಕರಕಲು. ಹಾಗಂತ ಮೂರು ವೋಲ್ಟ್ ಸಪ್ಲೈ ಕೊಡೋಣ ಅಂದರೆ, ಸುರುಳಿ ತನ್ನೊಳಗಿನ ಕರೆಂಟ್ ತಟ್ಟನೆ ಏರಲು ಬಿಡುವುದಿಲ್ಲ. ವೇಗ ಹೆಚ್ಚಾದರೆ ಕರೆಂಟ್ ಏರುವಷ್ಟರಲ್ಲಿ ಮುಂದಿನ ಹೆಜ್ಜೆಯ ಹೊತ್ತು ಬಂದಿರುತ್ತೆ. ಅದಕ್ಕೇ ಚಿಪ್ ಪೂರ್ತಿ 36 ವೋಲ್ಟನ್ನೇ ಬಿಡುತ್ತೆ, ಕರೆಂಟ್ ನಿಗದಿತ ಮಟ್ಟ ಮುಟ್ಟಿದ ಕೂಡಲೇ ಕಡಿಯುತ್ತೆ, ಇಳಿದರೆ ಮತ್ತೆ ಬಿಡುತ್ತೆ. ಸೆಕೆಂಡಿಗೆ ಹತ್ತಾರು ಸಾವಿರ ಸಲ. ನಮ್ಮ ಕಡೆ ಕಬಿನಿ ನಾಲೆಯ ತೂಬಿನಲ್ಲಿ ಗದ್ದೆಗೆ ನೀರು ಬಿಡೋದು ಹೀಗೇ: ಹಲಗೆ ಪೂರ್ತಿ ಎತ್ತೋದು, ಪಾತಿ ತುಂಬಿದ ಕೂಡಲೇ ಇಳಿಸೋದು. ಹಲಗೆ ಯಾವಾಗ ಇಳಿಸಬೇಕು ಅನ್ನುವ ಮಟ್ಟವನ್ನೇ ಡಬ್ಬಿಯ ಆರು ಸ್ವಿಚ್ಚಿನಲ್ಲಿ ಮೂರು ನಿರ್ಧರಿಸುತ್ತವೆ. ಯಾವ ಸ್ವಿಚ್ಚು ಹೇಗಿದ್ದರೆ ಎಷ್ಟು ಆಂಪಿಯರ್ ಅಂತ ಹೇಳುವುದು ಲೇಬಲ್.

ಈಗ ಲೇಬಲ್. ಎರಡು ಕಾಲಂ ಇವೆ. ಮೊದಲನೆಯದರಲ್ಲಿ ಕರೆಂಟ್: 0.5, 1.0, 1.5, 2.0, 2.5, 2.8, 3.0, 3.5. ಎರಡನೆಯದರಲ್ಲಿ ಪೀಕ್ ಕರೆಂಟ್: 0.7, 1.2, 1.7, 2.2, 2.7, 2.9, 3.2, 4.0. ಇದನ್ನು ಒಂದು ಸಲ ನಿಧಾನವಾಗಿ ಓದಿ. ಏನೋ ಸರಿಯಿಲ್ಲ ಅನ್ನಿಸುತ್ತಾ?

ಸ್ಟೆಪ್ಪರ್ ಮೋಟರಿಗೆ ಕರೆಂಟ್ ಅಲೆಯ ಹಾಗೆ ಏರಿ ಇಳಿಯುತ್ತಾ ಹೋಗುತ್ತೆ. ಅಲೆಯ ತುದಿ ಪೀಕ್. ಅಷ್ಟೇ ಬಿಸಿ ಹುಟ್ಟಿಸುವ ಸಮನಾದ ನಿಂತ ಕರೆಂಟ್ ಎಷ್ಟೋ ಅದು ಆರ್‌ಎಂಎಸ್. ನಮ್ಮ ಮನೆಯ 230 ವೋಲ್ಟ್ ಅನ್ನೋದು ಆರ್‌ಎಂಎಸ್ ಲೆಕ್ಕ, ಅದರ ತುದಿ 325 ವೋಲ್ಟ್ ಮುಟ್ಟುತ್ತೆ. ಎರಡರ ನಡುವಿನ ಅನುಪಾತ 1.414, ಎರಡರ ವರ್ಗಮೂಲ. ಇದನ್ನು ಯಾರೂ ಚೌಕಾಸಿ ಮಾಡೋಕೆ ಆಗಲ್ಲ.

ಲೇಬಲ್‌ನ ಮೊದಲ ಸಾಲು ಸರಿಯಾಗೇ ಇದೆ, 0.5ಕ್ಕೆ 0.7. ಎರಡನೇ ಸಾಲಿನಲ್ಲಿ 1.0ಕ್ಕೆ 1.4 ಬರಬೇಕು, ಬಂದಿರೋದು 1.2. 2.0ಕ್ಕೆ 2.8 ಬರಬೇಕು, ಬಂದಿರೋದು 2.2. ಯಾಕೆ ಅಂತ ನೋಡಿದರೆ, ಬರೆದವನು ಗುಣಿಸಿಲ್ಲ, ಕೂಡಿಸಿದ್ದಾನೆ! 0.5ರಿಂದ 2.5ರವರೆಗೆ ಪ್ರತಿ ಸಾಲಿಗೂ 0.2 ಸೇರಿಸುತ್ತಾ ಬಂದಿದ್ದಾನೆ. 2.8ಕ್ಕೆ ಬಂದಾಗ ಏನನ್ನಿಸಿತೋ, 0.1 ಸಾಕು ಅಂದುಕೊಂಡಿದ್ದಾನೆ. 3.0ಕ್ಕೆ ಮತ್ತೆ 0.2. ಕೊನೇ ಸಾಲಿನಲ್ಲಿ 3.5ಕ್ಕೆ ಒಂದೇ ಏಟಿಗೆ 0.5 ಸೇರಿಸಿ 4.0 ಮಾಡಿದ್ದಾನೆ. ಯಾಕೆಂದರೆ ಡಬ್ಬಿಯನ್ನು ಮಾರುವುದು 4 ಆಂಪಿಯರ್ ಅಂತ. ಕಾಲಂ ಎಲ್ಲಿಗೆ ಬಂದು ಮುಟ್ಟಬೇಕು ಅನ್ನೋದು ಮೊದಲೇ ತೀರ್ಮಾನವಾಗಿತ್ತು. ಉತ್ತರ ನೋಡಿಕೊಂಡು ಲೆಕ್ಕ ಬರೆಯುವ ಹುಡುಗರು ನಮ್ಮ ಸ್ಕೂಲಲ್ಲೂ ಇದ್ದರು, ಅವರಾದರೂ ನಡುವಿನ ಹಂತಗಳನ್ನು ಸ್ವಲ್ಪ ನಂಬುವ ಹಾಗೆ ಬರೀತಿದ್ದರು.

0.8 ಆಂಪಿಯರ್ ಆಚೆ ಈಚೆ ಆದರೆ ಏನಂತೆ ಅನ್ನಬಹುದು. ಕರೆಂಟಿನ ಬಿಸಿ ವರ್ಗದ ಲೆಕ್ಕದಲ್ಲಿ ಏರುತ್ತೆ, ತೊಂದರೆ ಅಲ್ಲೇ ಇರೋದು. ಇಂಥ ಚಿಪ್ಪಿನೊಳಗೆ ಕರೆಂಟ್ ಹಾದುಹೋಗುವ ಎರಡು ಟ್ರಾನ್ಸಿಸ್ಟರ್‌ಗಳ ರೆಸಿಸ್ಟೆನ್ಸ್ ಸೇರಿ ಸುಮಾರು ಅರ್ಧ ಓಮ್ ಅಂತ ಇಟ್ಟುಕೊಳ್ಳಿ. ಎರಡು ಸುರುಳಿಯ ಅಲೆಗಳು ಒಂದು ಏರಿದಾಗ ಇನ್ನೊಂದು ಇಳಿಯುವ ಹಾಗೆ ಇರೋದರಿಂದ ಒಟ್ಟು ಬಿಸಿ ಹೆಚ್ಚುಕಡಿಮೆ ಪೀಕ್ ಕರೆಂಟಿನ ವರ್ಗ ಗುಣಿಸು ಅರ್ಧ. ಪೀಕ್ 2 ಆಂಪಿಯರ್ ಇದ್ದರೆ 2 ವ್ಯಾಟ್. ಪೀಕ್ 4 ಇದ್ದರೆ 8 ವ್ಯಾಟ್. ಕರೆಂಟ್ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. 8 ವ್ಯಾಟ್ ಅಂದರೆ ಒಂದು ಎಲ್‌ಇಡಿ ಬಲ್ಬು, ಏನು ಮಹಾ ಅನ್ನಿಸುತ್ತೆ. ಆದರೆ ಇದು ಹುಟ್ಟುವುದು ಅವರೆಕಾಳಿಗಿಂತ ಸಣ್ಣ ಸಿಲಿಕಾನ್ ತುಂಡಿನಲ್ಲಿ. ಅಲ್ಲಿಂದ ಹೊರಗೆ ಹೋಗೋ ದಾರಿ ಇಕ್ಕಟ್ಟಾದರೆ ಒಳಗಿನ ಬಿಸಿ 150 ಡಿಗ್ರಿ ಕಡೆ ಏರುತ್ತೆ. ಆಗ ಚಿಪ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತೆ. ಸುಟ್ಟುಹೋಗೋದಕ್ಕಿಂತ ಅದು ಒಳ್ಳೇದು, ಚಿಪ್ಪಿಗೆ.

ಮರಕ್ಕೆ ಒಳ್ಳೇದಲ್ಲ. ನಮ್ಮೂರಿನ ಕಡೆಯ ಹುಡುಗ ಒಬ್ಬ ಮೈಸೂರಲ್ಲಿ ಇಂಥದ್ದೇ ಒಂದು ಮೆಷೀನ್ ಇಟ್ಟುಕೊಂಡಿದ್ದಾನೆ. ಏಪ್ರಿಲ್ ತಿಂಗಳು, ಶೀಟಿನ ಛಾವಣಿ. ಗಿರಾಕಿಯೊಬ್ಬರು ಹಳೇ ತೊಟ್ಟಿಮನೆ ಕೆಡವಿದಾಗ ಉಳಿಸಿಕೊಂಡಿದ್ದ ತೇಗದ ಹಲಗೆ ತಂದುಕೊಟ್ಟಿದ್ದರು, ಹೊಸ ಮನೆಯ ದೇವರಮನೆ ಬಾಗಿಲಿಗೆ. ಬೆಳಗ್ಗೆಯಿಂದ ಚೆನ್ನಾಗಿಯೇ ಕೆತ್ತಿದ ಮೆಷೀನು ಮಧ್ಯಾಹ್ನ ಎರಡರ ಹೊತ್ತಿಗೆ ಒಂದು ಅಕ್ಷದಲ್ಲಿ ನಿಂತುಬಿಟ್ಟಿತು. ಇನ್ನೊಂದು ಅಕ್ಷ ನಿಲ್ಲಲಿಲ್ಲ. ಬಳ್ಳಿ ತಿರುಗಬೇಕಾದ ಕಡೆ ಉಳಿ ನೇರವಾಗಿ ಹೋಗಿ ಹಲಗೆಯ ಮೇಲೆ ಗೇಣುದ್ದದ ಗಾಯ ಮಾಡಿತ್ತು. ನಾನು ಸಾಫ್ಟ್‌ವೇರ್‌ನವನು ಅಂತ ನನಗೇ ಫೋನ್ ಬಂತು.

"ಅಣ್ಣ, ಫೈಲಲ್ಲೇ ಏನೋ ಐಬಿದೆ ಕಣಣ್ಣ. ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಓಡ್ತದೆ."

ಫೈಲು ಸರಿಯಾಗೇ ಇತ್ತು. ಕಂಟ್ರೋಲ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಲೆ ಮುಂದೆ ಕೂತ ಹಾಗೆ ಬಿಸಿ ಮುಖಕ್ಕೆ ಬಡಿಯಿತು. ಮೋಟರಿನ ಮೇಲೆ 3 ಆಂಪಿಯರ್ ಅಂತ ಬರೆದಿತ್ತು, ಅವನು ಡಬ್ಬಿಯ ಸ್ವಿಚ್ಚನ್ನು 3.0ಕ್ಕೇ ಇಟ್ಟಿದ್ದ. ಅಂದರೆ ಲೇಬಲನ್ನು ಹೇಗೆ ಓದಬೇಕೋ ಹಾಗೇ ಓದಿದ್ದ. ಓದಿದವನ ತಪ್ಪು ಏನೂ ಇಲ್ಲ, ಬರಹವೇ ಕೈಕೊಟ್ಟಿದೆ.

ಆ 3.0 ಸಾಲನ್ನೇ ನೋಡಿ. ಪೀಕ್ 3.2 ಅಂತಿದೆ. ಮೊದಲ ಅಂಕಿ ನಿಜವಾದ ಆರ್‌ಎಂಎಸ್ ಅಂತ ನಂಬಿದರೆ ಪೀಕ್ 4.24 ಆಗಬೇಕು, ಅದು ಡಬ್ಬಿಯೇ ಹೇಳಿಕೊಳ್ಳುವ 4ನ್ನು ದಾಟಿತು. ಇಲ್ಲ, ಎರಡನೇ ಅಂಕಿ 3.2 ನಿಜ ಅಂತ ನಂಬಿದರೆ ಆರ್‌ಎಂಎಸ್ ಬರೀ 2.26, ಮೋಟರಿಗೆ ಅವನು ಅಂದುಕೊಂಡ ಬಲ ಸಿಗುತ್ತಲೇ ಇಲ್ಲ. ಹಾಗೆ ಓದಿದರೂ ಒಂದು ಸುಳ್ಳು, ಹೀಗೆ ಓದಿದರೂ ಒಂದು ಸುಳ್ಳು. ಇನ್ನೊಂದು ಮಾತು, ಪೀಕ್ 3.2ನ್ನೇ ತೆಗೆದುಕೊಂಡರೂ ಒಂದು ಚಿಪ್ಪಿಗೆ ಸುಮಾರು 5 ವ್ಯಾಟ್, ಮೂರಕ್ಕೆ 15. ಜೊತೆಗೆ ಪವರ್ ಸಪ್ಲೈ ಬಿಸಿ. ಎಲ್ಲ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ. ಫ್ಯಾನ್ ಬೇಕು ಅಂತ ಲೇಬಲ್ ಎಲ್ಲೂ ಹೇಳಿಲ್ಲ.

ಇನ್ನು ಹೆಸರಿನ ವಿಷಯ. ಟಿಬಿ6600 ಅನ್ನೋದು ತೋಷಿಬಾ ಕಂಪನಿಯ ಒಂದು ಚಿಪ್ಪಿನ ಹೆಸರು, ಪೂರ್ತಿ ಹೆಸರು ಟಿಬಿ6600ಎಚ್‌ಜಿ. ಇಪ್ಪತ್ತೈದು ಕಾಲಿನ ದಪ್ಪ ಚಿಪ್ಪು, ಬೆನ್ನಿಗೆ ಲೋಹದ ತಗಡು, ಸ್ಕ್ರೂ ಹಾಕಿ ಹೀಟ್‌ಸಿಂಕಿಗೆ ಬಿಗಿಯುವ ಹಾಗೆ ಮಾಡಿದ್ದು. ಮೀರಲೇಬಾರದ ಮಿತಿ 50 ವೋಲ್ಟ್, 5 ಆಂಪಿಯರ್. ಓಡಿಸುವ ಮಿತಿ 42 ವೋಲ್ಟ್, 4.5 ಆಂಪಿಯರ್. ಇದರ ಹೆಸರು ಒಳ್ಳೆಯದಾಗಿದ್ದರಿಂದಲೇ ಡಬ್ಬಿಗೆ ಆ ಹೆಸರು ಬಂತು. ಆದರೆ ಈಗ ಮಾರುಕಟ್ಟೆಯಲ್ಲಿರುವ ಎಷ್ಟೋ ಡಬ್ಬಿ ಬಿಚ್ಚಿದರೆ ಒಳಗೆ ಆ ಚಿಪ್ ಇರೋದೇ ಇಲ್ಲ. ತೋಷಿಬಾದ್ದೇ ಇನ್ನೊಂದು ಇರುತ್ತೆ, ಟಿಬಿ67ಎಸ್109ಎ. ಏಳು ಮಿಲಿಮೀಟರ್ ಚೌಕದ ಚಪ್ಪಟೆ ಚಿಪ್ಪು. ಅದರ ಮೀರಲೇಬಾರದ ಮಿತಿ 4 ಆಂಪಿಯರ್. ಡೇಟಾಶೀಟ್ ಬರೆಯುವವರು ಮೀರಲೇಬಾರದು ಅಂತ ಎಚ್ಚರಿಸಲು ಕೊಟ್ಟ ಅಂಕಿಯನ್ನೇ ಮಾರುವವರು ಡಬ್ಬಿಯ ಹಣೆಗೆ ಹಚ್ಚಿದ್ದಾರೆ. ಊರಾಚೆ ಸೇತುವೆ ಮೇಲೆ ಇಂತಿಷ್ಟು ಟನ್ನಿಗಿಂತ ಹೆಚ್ಚು ಭಾರ ನಿಷೇಧ ಅಂತ ಬೋರ್ಡಿದ್ದರೆ, ಅದನ್ನು ನೋಡಿ ದಿನಾ ಅಷ್ಟೇ ಟನ್ ಹೇರಿಕೊಂಡು ಬನ್ನಿ ಅಂತ ಜಾಹೀರಾತು ಕೊಟ್ಟ ಹಾಗೆ.

ಡಬ್ಬಿ ಬಿಚ್ಚದೆಯೂ ಇದನ್ನು ಕಂಡುಹಿಡಿಯಬಹುದು ಅನ್ನೋದು ನನಗೆ ಈ ಲೇಬಲ್‌ನಲ್ಲಿ ತುಂಬಾ ಇಷ್ಟವಾದ ವಿಷಯ. ಒಂದು ಹೆಜ್ಜೆಯನ್ನು ಸಣ್ಣ ಸಣ್ಣ ಪಾಲು ಮಾಡುವುದಕ್ಕೆ ಮೈಕ್ರೋಸ್ಟೆಪ್ ಅಂತಾರೆ. ಲೇಬಲ್‌ನಲ್ಲಿ ಅದರದ್ದೂ ಒಂದು ಪಟ್ಟಿ ಇದೆ: 1, 2, 4, 8, 16, ಕೊನೆಗೆ 32. ನಿಜವಾದ ಟಿಬಿ6600ಎಚ್‌ಜಿ ಚಿಪ್ಪಿಗೆ 16ಕ್ಕಿಂತ ಹೆಚ್ಚು ಪಾಲು ಮಾಡೋಕೆ ಬರೋದೇ ಇಲ್ಲ. 32 ಬರೋದು ಎಸ್109ಕ್ಕೆ. ಮೇಲೆ ದೊಡ್ಡಕ್ಷರದಲ್ಲಿ ಒಂದು ಹೆಸರು, ಕೆಳಗೆ ಸಣ್ಣಕ್ಷರದ ಪಟ್ಟಿಯಲ್ಲಿ ಅದು ಸುಳ್ಳು ಅನ್ನುವ ಸಾಕ್ಷಿ. ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಇಷ್ಟು ಸಾಕು.

ಹೆಸರನ್ನು ತೆಗೆದುಕೊಂಡವರು ಬಿಟ್ಟಿದ್ದು ಏನು ಅನ್ನೋದೂ ಮುಖ್ಯ. ಟಿಬಿ6600ಎಚ್‌ಜಿಗೆ ಅಲರ್ಟ್ ಅಂತ ಒಂದು ಕಾಲೇ ಇದೆ. ಬಿಸಿ ಮಿತಿ ಮೀರಿ ಆಫ್ ಆದರೆ ಆ ಕಾಲು ಹೊರಗಿನವರಿಗೆ ಸುದ್ದಿ ಕೊಡುತ್ತೆ. ಈ ಡಬ್ಬಿಯ ಹಸಿರು ಕನೆಕ್ಟರ್ ನೋಡಿ: ಪಲ್ಸ್, ಡೈರೆಕ್ಷನ್, ಎನೇಬಲ್, ಮೋಟರಿಗೆ ನಾಲ್ಕು ವೈರು, ಸಪ್ಲೈಗೆ ಎರಡು. ಒಳಗೆ ಹೋಗುವ ಮಾತಿಗೆ ದಾರಿ ಇದೆ, ಹೊರಗೆ ಬರುವ ಮಾತಿಗೆ ಇಲ್ಲ. ಆರ್ಡುಯಿನೋ ಹೆಜ್ಜೆ ಎಣಿಸುತ್ತಲೇ ಇರುತ್ತೆ, ಮೋಟರ್ ನಿಂತು ಎಷ್ಟು ಹೊತ್ತಾಯಿತು ಅಂತ ಅದಕ್ಕೆ ಗೊತ್ತೇ ಇರಲ್ಲ. ನಮ್ಮ ಆಫೀಸಿನಲ್ಲಿ ಎರರ್ ಕೋಡ್ ಕೊಡದ ಎಪಿಐ ಬರೆದರೆ ರಿವ್ಯೂನಲ್ಲೇ ವಾಪಸ್ ಕಳಿಸ್ತೀವಿ. ಇಲ್ಲಿ ತೇಗದ ಹಲಗೆಯೇ ಎರರ್ ಕೋಡ್.

ನ್ಯಾಯವಾಗಿ ಹೇಳಬೇಕಂದರೆ ಎಸ್109 ಕೆಟ್ಟ ಚಿಪ್ಪಲ್ಲ. ಪೀಕ್ 2 ಆಂಪಿಯರ್ ಸುತ್ತಮುತ್ತ ಓಡಿಸಿದರೆ ಸದ್ದಿಲ್ಲದೆ ದುಡಿಯುತ್ತೆ. ಅದರ ಹೆಸರಲ್ಲೇ, ಅದರ ಯೋಗ್ಯತೆಯ ಅಂಕಿಯಲ್ಲೇ ಮಾರಿದ್ದರೆ ನನಗೆ ಬರೆಯೋಕೆ ಏನೂ ಇರುತ್ತಿರಲಿಲ್ಲ.

ಪ್ರಾಮಾಣಿಕ ಬರಹ ಹೇಗಿರುತ್ತೆ ಅಂತ ನೋಡಬೇಕಿದ್ದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ8825 ಡೇಟಾಶೀಟಿನ ಮೊದಲ ಪುಟ ತೆಗೆಯಿರಿ. ಗರಿಷ್ಠ 2.5 ಆಂಪಿಯರ್ ಅಂತ ಇದೆ, ಅದೇ ಸಾಲಿನಲ್ಲಿ 24 ವೋಲ್ಟ್ ಮತ್ತು ಸುತ್ತಲಿನ ಉಷ್ಣತೆ 25 ಡಿಗ್ರಿ ಇದ್ದಾಗ ಅಂತಲೂ ಇದೆ. ಷರತ್ತು ಅಂಕಿಯ ಪಕ್ಕದಲ್ಲೇ ಕೂತಿದೆ. ಮೈಸೂರಿನ ಹವಾ ಚೆನ್ನಾಗಿದೆ ಅಂತ ಬೆಂಗಳೂರಿನವರು ಎಷ್ಟೇ ಹೊಟ್ಟೆಕಿಚ್ಚು ಪಟ್ಟರೂ ಶೀಟಿನ ಶೆಡ್ಡಿನೊಳಗಿನ ಪೆಟ್ಟಿಗೆಯೊಳಗೆ ಏಪ್ರಿಲ್‌ನಲ್ಲಿ 25 ಡಿಗ್ರಿ ಸಿಗಲ್ಲ. ಆದರೆ ಷರತ್ತು ಗೊತ್ತಿದ್ದರೆ ಎಷ್ಟು ಇಳಿಸಬೇಕು ಅಂತ ಓದುಗ ತಾನೇ ಯೋಚಿಸುತ್ತಾನೆ.

ಇನ್ನೂ ಮೇಲಕ್ಕೆ ಹೋದರೆ ಟಿಎಂಸಿ5160. ಜರ್ಮನಿಯ ಹ್ಯಾಂಬರ್ಗ್‌ನ ಟ್ರಿನಾಮಿಕ್ ಮಾಡಿದ್ದು. 2020ರಲ್ಲಿ ಮ್ಯಾಕ್ಸಿಮ್ ಆ ಕಂಪನಿಯನ್ನು ಕೊಂಡಿತು, ಮರುವರ್ಷ ಮ್ಯಾಕ್ಸಿಮನ್ನು ಅನಲಾಗ್ ಡಿವೈಸಸ್ ಕೊಂಡಿತು. ಹೆಚ್ಚು ಕರೆಂಟಿನ ಸಮಸ್ಯೆಯನ್ನು ಇದು ಬೇರೆಯೇ ದಾರಿಯಲ್ಲಿ ಬಿಡಿಸುತ್ತೆ. ಕರೆಂಟ್ ಹೊರುವ ಕೆಲಸ ಚಿಪ್ಪಿನೊಳಗೆ ಇಲ್ಲವೇ ಇಲ್ಲ, ಹೊರಗೆ ಎಂಟು ಮಾಸ್‌ಫೆಟ್ ಇಡಬೇಕು, ಚಿಪ್ ಅವುಗಳಿಗೆ ಆಜ್ಞೆ ಮಾತ್ರ ಕೊಡುತ್ತೆ. ಬಿಸಿ ಎಂಟು ಕಡೆ ಹಂಚಿಹೋಗುತ್ತೆ. ಸರಿಯಾದ ಮಾಸ್‌ಫೆಟ್ ಆರಿಸಿದರೆ ಸುರುಳಿಗೆ 20 ಆಂಪಿಯರ್‌ವರೆಗೂ ಹೋಗಬಹುದು. ಮೋಟರಿನ ಮೇಲೆ ಹೊರೆ ಎಷ್ಟಿದೆ, ನಿಂತುಹೋಗುತ್ತಿದೆಯಾ ಅಂತ ಸುರುಳಿಯಿಂದಲೇ ಗ್ರಹಿಸಿ ಕಂಟ್ರೋಲರಿಗೆ ಹೇಳುವ ಸೌಲಭ್ಯವೂ ಇದೆ. ತಾಂತ್ರಿಕವಾಗಿ ನನಗೆ ಇದರ ಮೇಲೆ ಪ್ರೀತಿಯೇ ಇದೆ. ಆದರೆ ಅದರ ಡೇಟಾಶೀಟ್ ನೂರಕ್ಕೂ ಹೆಚ್ಚು ಪುಟ. ಕರೆಂಟ್ ಎಷ್ಟು ಅಂತ ಹೇಳಲು ಸ್ವಿಚ್ಚಿಲ್ಲ, ಸೆನ್ಸ್ ರೆಸಿಸ್ಟರ್ ಲೆಕ್ಕ ಹಾಕಿ, ರಿಜಿಸ್ಟರಿಗೆ ಅಂಕಿ ಬರೆಯಬೇಕು. ನನ್ನಂಥವನಿಗೆ ಭಾನುವಾರದ ಹಬ್ಬ, ಉಳಿ ಹಿಡಿದು ಕೂತವನಿಗೆ ಅಲ್ಲ. ನಿಜ ಹೇಳುವ ಬರಹ ಅವನಿಗೆ ಓದೋಕೆ ಆಗಲ್ಲ, ಅವನು ಓದಬಲ್ಲ ಬರಹ ನಿಜ ಹೇಳಲ್ಲ.

ನಡುವಿನ ದಾರಿ ಇಲ್ಲವಾ? ಇದೆ. ಲೀಡ್‌ಶೈನ್‌ನ ಡಿಎಂ542 ಡಬ್ಬಿಯ ಪಟ್ಟಿ ನೋಡಿ. ಅಲ್ಲೂ ಎರಡು ಕಾಲಂ, ಅಲ್ಲೂ ಎಂಟು ಸಾಲು, ಅವೇ ಪುಟಾಣಿ ಸ್ವಿಚ್ಚು. ಮೊದಲ ಸಾಲು ಪೀಕ್ 1.00, ಆರ್‌ಎಂಎಸ್ 0.71. ಕೊನೇ ಸಾಲು ಪೀಕ್ 4.20, ಆರ್‌ಎಂಎಸ್ 3.00. ಎರಡು ಕಾಲಂಗೂ ಅವುಗಳ ಹೆಸರು ಹೇಳಿದ್ದಾರೆ, ನಡುವಿನ ಎಲ್ಲ ಸಾಲಿನಲ್ಲೂ ಅನುಪಾತ 1.4ರ ಹತ್ತಿರವೇ ನಿಲ್ಲುತ್ತೆ. ಇದು ಚೀನಾದ ಕಂಪನಿಯೇ, ಹಾಗಾಗಿ ಚೀನಾ ಮಾಲು ಅಂದರೆ ಹೀಗೇ ಅಂತ ಕೈ ತೊಳೆದುಕೊಳ್ಳೋಕೆ ಆಗಲ್ಲ. ಬೆಲೆ ಟಿಬಿ6600 ಡಬ್ಬಿಗಿಂತ ಹೆಚ್ಚು, ನಿಜ. ಲೇಬಲ್ ಮೇಲೆ ಸರಿಯಾದ ಅಂಕಿ ಅಚ್ಚು ಹಾಕುವುದಕ್ಕೆ ಮಾತ್ರ ಹೆಚ್ಚಿನ ಖರ್ಚಿಲ್ಲ.

ನಮ್ಮ ಕಡೆಯದ್ದೂ ಸ್ವಲ್ಪ ಹೇಳಬೇಕು. ಬಿಇ ಮಾಡುವಾಗ ಸ್ಟೆಪ್ಪರ್ ಮೋಟರ್ ಲ್ಯಾಬಿನಲ್ಲಿ ನಮಗೆಲ್ಲ ಬಂದೇ ಬರುತ್ತಿತ್ತು. 8051ಕ್ಕೆ 88, 44, 22, 11 ಅಂತ ಕಳಿಸೋದು, ಮೋಟರ್ ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು, ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳೋದು. ಆಂಪಿಯರ್ ಅನ್ನೋ ಪದ ಆ ಪ್ರಯೋಗದಲ್ಲಿ ಒಂದೇ ಒಂದು ಸಲ ಬರಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ. ಮೈಸೂರಿನ ಕೇನ್ಸ್ 1988ರಿಂದ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿದೆ. ಡೇಟಾಶೀಟನ್ನು ಮಾತೃಭಾಷೆಯ ಹಾಗೆ ಓದುವವರು ಈ ರಾಜ್ಯದಲ್ಲಿ ಸಾವಿರಾರು ಜನ ಇದ್ದೀವಿ, ಅವರಲ್ಲಿ ಎಷ್ಟೋ ಜನ ಹಳ್ಳಿಯಿಂದಲೇ ಬಂದವರು. ಆದರೂ ಪೀಕ್‌ಗೂ ಆರ್‌ಎಂಎಸ್‌ಗೂ ಏನು ವ್ಯತ್ಯಾಸ, ಮೆಷೀನ್ ಪೆಟ್ಟಿಗೆಗೆ ಫ್ಯಾನ್ ಯಾಕೆ ಬೇಕು ಅಂತ ಶೆಡ್ಡಿನವನು ಕನ್ನಡದಲ್ಲಿ ಹುಡುಕಿದರೆ ಕೈಗೆ ಸಿಗುವುದು ಡಬ್ಬಿ ಮಾರುವವರ ವಿಡಿಯೋ.

ಆ ಹುಡುಗನ ಮೂರು ಡಬ್ಬಿಗಳ ಮೇಲೆ ಈಗ ಲೇಬಲ್ ಪಕ್ಕದಲ್ಲಿ ಬಿಳಿ ಟೇಪ್ ಅಂಟಿಸಿ ಮಾರ್ಕರಿನಲ್ಲಿ ಬರೆದಿದ್ದೇವೆ: "ಸ್ವಿಚ್ 2.0 ದಾಟಿಸಬಾರದು. ಫ್ಯಾನ್ ನಿಂತಿದ್ರೆ ಮೆಷೀನ್ ಆನ್ ಮಾಡಬಾರದು. ಮೋಟರ್ ವೈರನ್ನ ಕರೆಂಟ್ ಇರುವಾಗ ಕೀಳಬಾರದು." ಕೊನೆಯದ್ದು ಯಾವ ಡ್ರೈವರಿಗಾದರೂ ಸಲ್ಲುವ ಮಾತು, ಸುರುಳಿಯ ಕರೆಂಟನ್ನು ತಟ್ಟನೆ ಕಡಿದರೆ ಏಳುವ ವೋಲ್ಟೇಜ್ ಚಿಪ್ಪನ್ನು ತಿಂದುಹಾಕುತ್ತೆ. 2.0ಕ್ಕೆ ಇಳಿಸಿದ್ದರಿಂದ ಮೋಟರಿನ ಬಲ ಕಡಿಮೆಯಾಯಿತು, ಒಂದೇ ಸಲಕ್ಕೆ ಆಳ ಕೊರೆಯೋಕೆ ಆಗಲ್ಲ, ಎರಡು ಸಲ ಓಡಿಸಬೇಕು. ಬಾಗಿಲಿನ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತೆ, ಗಿರಾಕಿಗೆ ಹೇಳುವ ರೇಟು ಹಳೆಯದೇ. ಡಿಎಂ542 ಮೊದಲು ಉದ್ದದ ಅಕ್ಷಕ್ಕೆ ಒಂದು ಹಾಕೋಣ, ಉಳಿದವಕ್ಕೆ ಆಮೇಲೆ ನೋಡೋಣ ಅಂದಿದ್ದಾನೆ. ತೇಗದ ಹಲಗೆಯ ಗಾಯಕ್ಕೆ ಅದೇ ಮರದ ಪಟ್ಟಿ ಕೂರಿಸಿ ಅದರ ಮೇಲೆ ಇನ್ನೊಂದು ಬಳ್ಳಿ ಕೆತ್ತಿಕೊಟ್ಟ. ಗಿರಾಕಿ ಒಪ್ಪಿದರು, ಕೂಲಿಯಲ್ಲಿ ಅರ್ಧ ಹಿಡಿದರು.